ರಸೀದಿ ಪುಸ್ತಕ ಮೊದಲು, ದೊಡ್ಡ ದಾನಿ ಆಮೇಲೆ: ಊರಿನ ಕಾಲೇಜಿಗೆ ಹಣ ಎತ್ತುವ ಬಗೆ

ಊರಿನ ಕಾಲೇಜಿಗೆ ಹಣ ಎತ್ತಬೇಕು ಅಂತ ಕಮಿಟಿ ಕೂತರೆ ಮೊದಲು ಬರುವ ಮಾತು ಯಾವಾಗಲೂ ಒಂದೇ. "ಬೆಂಗಳೂರಲ್ಲಿ ನಮ್ಮವರು ದೊಡ್ಡವರು ಯಾರಿದ್ದಾರೆ?" ಎರಡು ಹೆಸರು ಬರುತ್ತವೆ. ಒಬ್ಬರ ಫೋನ್ ನಂಬರ್ ಯಾರ ಹತ್ತಿರವೂ ಇರುವುದಿಲ್ಲ. ಇನ್ನೊಬ್ಬರಿಗೆ ಪತ್ರ ಬರೆಯುವುದು ಅಂತ ತೀರ್ಮಾನ ಆಗುತ್ತದೆ. ಕಾಫಿ ಕುಡಿದು ಎಲ್ಲರೂ ಮನೆಗೆ.

ಹೀಗೆ ಶುರು ಮಾಡಬೇಡಿ. ಯಾಕೆ ಬೇಡ, ಮತ್ತೆ ಹೇಗೆ ಶುರು ಮಾಡಬೇಕು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಡಗಿನ ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ಲೆಕ್ಕ ಬರೆದು ನಿವೃತ್ತಿ ಆದವಳು. ಈಗ ನಾಪೋಕ್ಲು ಕಡೆಯ ಒಂದು ಪಿಯು ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಖಜಾಂಚಿ. ನಮಗೆ ಬೇಕಾಗಿದ್ದು ಹೆಣ್ಣುಮಕ್ಕಳ ಹಾಸ್ಟೆಲ್. ಭಾಗಮಂಡಲ, ಚೆಟ್ಟಿಮಾನಿ, ಅಯ್ಯಂಗೇರಿ ಕಡೆಯಿಂದ ಬರುವ ಹುಡುಗಿಯರಿಗೆ ಜುಲೈ ಮಳೆ ಅಂದರೆ ರಜೆಯೇ. ಜಿಲ್ಲಾಧಿಕಾರಿ ರಜೆ ಕೊಡದ ದಿನವೂ ಬಸ್ಸು ಬರುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಭೌತಶಾಸ್ತ್ರದ ಪಾಠ ಎಲ್ಲೋ ಹೋಗಿ, ಹುಡುಗಿ ಎಲ್ಲೋ ಉಳಿದಿರುತ್ತಾಳೆ.

ಈ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಅಮೆರಿಕದ ಕಪ್ಪು ಜನರ ಕಾಲೇಜುಗಳು. ಎಲ್ಲಿಂದ ಎಲ್ಲಿಗೆ ಅಂತ ಅನಿಸಬಹುದು. ತಂಗಿಯ ಮಗಳು ಅಟ್ಲಾಂಟಾದಲ್ಲಿ ನರ್ಸ್. ಅವಳ ಜೊತೆ ಕೆಲಸ ಮಾಡುವವರೊಬ್ಬರು ಅಲ್ಲಿನ ಸ್ಪೆಲ್ಮನ್ ಕಾಲೇಜಿನಲ್ಲಿ ಓದಿದವರು. ಆ ಕಾಲೇಜು 1881ರಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಹನ್ನೊಂದು ಜನ ವಿದ್ಯಾರ್ಥಿನಿಯರಿಂದ ಶುರುವಾದದ್ದನ್ನು ಅವಳು ಫೋನಿನಲ್ಲಿ ಹೇಳಿದಳು. ಆಮೇಲೆ ಕೈಗೆ ಸಿಕ್ಕಿದ್ದೆಲ್ಲ ನಾನೇ ಓದಿದೆ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಂತರ್ಯುದ್ಧಕ್ಕೆ ಮೊದಲು ಅಮೆರಿಕದ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧ. ಉತ್ತರದಲ್ಲಿ ಅಲ್ಲೊಂದು ಇಲ್ಲೊಂದು ಶಾಲೆ. ಫಿಲಡೆಲ್ಫಿಯಾದ ರಿಚರ್ಡ್ ಹಂಫ್ರೀಸ್ ಎಂಬ ಕ್ವೇಕರ್ ಪಂಥದವರು ಉಯಿಲಿನಲ್ಲಿ ಬರೆದಿಟ್ಟ 10,000 ಡಾಲರಿನಿಂದ 1837ರಲ್ಲಿ ಹುಟ್ಟಿದ ಶಾಲೆಯೇ ಇವತ್ತಿನ ಚೆಯ್ನಿ ವಿಶ್ವವಿದ್ಯಾಲಯ. 1865ರಲ್ಲಿ ಗುಲಾಮಗಿರಿ ಹೋದ ಮೇಲೆ ಮಿಷನರಿ ಸಂಘಗಳು, ಕಪ್ಪು ಜನರದ್ದೇ ಚರ್ಚುಗಳು, ಸರ್ಕಾರದ ಒಂದು ಇಲಾಖೆ ಸೇರಿ ಒಂದಾದ ಮೇಲೊಂದು ಕಾಲೇಜು ತೆರೆದವು. ಇವತ್ತು ಅಂಥವು ನೂರರ ಆಸುಪಾಸು ಇವೆ. ಸರ್ಕಾರದ ಹಣ ಬಿಳಿಯರ ಕಾಲೇಜಿಗೆ ಜಾಸ್ತಿ, ಇವರಿಗೆ ಕಮ್ಮಿ. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮನ ಕೈಯಲ್ಲೂ ಕಾಸಿಲ್ಲ. ಹಾಗಾಗಿ ಕೇಳಿ ತರುವ ಕೆಲಸದಲ್ಲಿ ಇವರು ಪಳಗಿದಷ್ಟು ಬೇರೆಯವರು ಪಳಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಇಲ್ಲದವರ ಮನೆಗೆ ಮೊದಲು ಹೋಗಿ

1881ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಬೂಕರ್ ಟಿ. ವಾಷಿಂಗ್ಟನ್ ಎಂಬ ಕಪ್ಪು ಶಿಕ್ಷಕರು ಶಾಲೆ ಶುರು ಮಾಡಿದಾಗ ರಾಜ್ಯ ಸರ್ಕಾರ ಕೊಟ್ಟದ್ದು ವರ್ಷಕ್ಕೆ 2,000 ಡಾಲರ್. ಅದೂ ಸಂಬಳಕ್ಕೆ ಮಾತ್ರ. ಜಾಗಕ್ಕಿಲ್ಲ, ಕಟ್ಟಡಕ್ಕಿಲ್ಲ. ಊರ ಹೊರಗೆ 100 ಎಕರೆಯ ಒಂದು ಹಾಳುಬಿದ್ದ ತೋಟ 500 ಡಾಲರಿಗೆ ಇತ್ತು. ವಾಷಿಂಗ್ಟನ್ 250 ಡಾಲರ್ ಸಾಲ ತಂದು ಮುಂಗಡ ಕಟ್ಟಿದರು. ಆ ಸಾಲ ತೀರಿಸಲು ಹೊರಟವರು ಒಲಿವಿಯಾ ಡೇವಿಡ್‌ಸನ್ ಎಂಬ ಟೀಚರ್. ಆಕೆ ಊರಿನ ಮನೆ ಮನೆಗೆ ಹೋಗಿ ಹಣ ಕೇಳಲಿಲ್ಲ. ಒಂದು ಕೇಕು, ಒಂದು ಕೋಳಿ, ಒಂದಿಷ್ಟು ಬ್ರೆಡ್ಡು ಕೊಡಿ ಅಂದರು. ಬಂದದ್ದನ್ನು ಊಟದ ಮೇಳ ಮಾಡಿ ಮಾರಿದರು. ಕಪ್ಪು ಜನರ ಮನೆಯಿಂದಲೂ ಬಂತು, ಬಿಳಿಯರ ಮನೆಯಿಂದಲೂ ಬಂತು.

ಅದೇ ದಿನಗಳಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು ಆರು ಮೊಟ್ಟೆ ಕೊಟ್ಟು ಹೋದರಂತೆ. ಬಾಳಿನ ಹೆಚ್ಚಿನ ಭಾಗ ಗುಲಾಮಳಾಗಿ ಕಳೆದವರು. ಆಮೇಲೆ ಬಂದ ಯಾವ ದಾನವೂ ತನ್ನನ್ನು ಅಷ್ಟು ಅಲ್ಲಾಡಿಸಲಿಲ್ಲ ಅಂತ ವಾಷಿಂಗ್ಟನ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಅದು ಲೆಕ್ಕಕ್ಕೆ ಸೇರಿತು. ಬರೆದಿಟ್ಟರು, ಉತ್ತರದ ಸಾಹುಕಾರರು ಓದಿದರು.

ಫ್ಲಾರಿಡಾದ ಡೇಟೋನಾದಲ್ಲಿ ಮೇರಿ ಮೆಕ್‌ಲಿಯೋಡ್ ಬೆಥೂನ್ 1904ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅವರ ಹತ್ತಿರ ಇದ್ದದ್ದು ಒಂದೂವರೆ ಡಾಲರ್, ಐದು ಹುಡುಗಿಯರು. ಸುಟ್ಟ ಕಟ್ಟಿಗೆಯ ಇದ್ದಿಲೇ ಪೆನ್ಸಿಲ್ಲು. ಗೆಣಸಿನ ಸಿಹಿ ಪೈ ಮಾಡಿ ಕೂಲಿಯವರಿಗೆ ಮಾರಿ ಶಾಲೆ ನಡೆಸಿದರು. ಸೋಪಿನ ಕಂಪನಿಯ ಜೇಮ್ಸ್ ಗ್ಯಾಂಬಲ್ ಟ್ರಸ್ಟಿಯಾಗಿ ಬಂದದ್ದು ಅದರ ನಂತರ.

ಇನ್ನೊಂದು ಲೆಕ್ಕ ನೋಡಿ. ಸಿಯರ್ಸ್ ಕಂಪನಿಯ ಜೂಲಿಯಸ್ ರೋಸನ್‌ವಾಲ್ಡ್ 1912ರಲ್ಲಿ ತಮ್ಮ ಐವತ್ತನೇ ಹುಟ್ಟುಹಬ್ಬಕ್ಕೆ ಟಸ್ಕೀಗಿಗೆ 25,000 ಡಾಲರ್ ಕೊಟ್ಟರು. ಅದರಲ್ಲಿ ಒಂದು ಪಾಲಿನಿಂದ ವಾಷಿಂಗ್ಟನ್ ಹಳ್ಳಿಗಳಲ್ಲಿ ಆರು ಸಣ್ಣ ಶಾಲೆ ಕಟ್ಟಿಸಿದರು. ಅದು ಬೆಳೆದು 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆ ಆಯಿತು. ಷರತ್ತು ಒಂದೇ: ಊರಿನವರೂ ತಮ್ಮ ಪಾಲು ಹಾಕಬೇಕು. ಹಣ ಇಲ್ಲದಿದ್ದರೆ ಜಾಗ, ಮರ, ಮೈಕೆಲಸ. ಕೊನೆಗೆ ಲೆಕ್ಕ ಹಾಕಿದರೆ ರೋಸನ್‌ವಾಲ್ಡ್ ಕಡೆಯಿಂದ ಬಂದದ್ದು ಸುಮಾರು 43 ಲಕ್ಷ ಡಾಲರ್. ಹತ್ತಿ ಬಿಡಿಸುವ ಕಪ್ಪು ಜನ ಕೂಡಿಸಿದ್ದು ಸುಮಾರು 47 ಲಕ್ಷ. ಸಾಹುಕಾರನಿಗಿಂತ ಕೂಲಿಯವರು ಕೊಟ್ಟದ್ದೇ ಜಾಸ್ತಿ! ಹೆಸರು ಮಾತ್ರ ರೋಸನ್‌ವಾಲ್ಡ್ ಶಾಲೆ ಅಂತ ಉಳಿಯಿತು.

ಈಗ ನಮ್ಮ ಕಡೆಗೆ ಬರೋಣ. ಮೊದಲ ರಸೀದಿ ಪುಸ್ತಕ ಹಿಡಿದು ಬಂಗಲೆಗೆ ಹೋಗಬೇಡಿ, ತೋಟದ ಕೂಲಿಯವರ ಲೈನ್ ಮನೆಗಳಿಗೆ ಹೋಗಿ. ಆಟೋ ಸ್ಟ್ಯಾಂಡಿಗೆ, ಮೀನಿನ ಅಂಗಡಿಗೆ, ಹಾಲಿನ ಡೈರಿಗೆ ಹೋಗಿ. 20 ರೂಪಾಯಿ ಕೊಟ್ಟರೂ ರಸೀದಿ ಹರಿದು ಕೊಡಿ. ರಸೀದಿಗೆ ಕ್ರಮಸಂಖ್ಯೆ ಅಚ್ಚಾಗಿರಲಿ, ಕಾರ್ಬನ್ ಪ್ರತಿ ಇರಲಿ. ನಮ್ಮ ಕಮಿಟಿಯಲ್ಲಿ "ಅವರ ಹತ್ತಿರ ಏನು ಕೇಳೋದು, ಪಾಪ" ಅಂದವರು ಇದ್ದರು. ಹಾಸ್ಟೆಲ್ ಬೇಕಾಗಿರುವುದು ಅವರ ಮಕ್ಕಳಿಗೆ, ಅಲ್ವಾ? ಕೇಳದೆ ಬಿಡುವುದೇ ಅವಮಾನ. ಕೇಳಿದಾಗ ಒಬ್ಬಾಕೆ ಹೇಳಿದ್ದು: "ಹಣ ಶನಿವಾರ ಬಟವಾಡೆ ಆದ್ಮೇಲೆ ಕೊಡ್ತೇನೆ ಅಕ್ಕ. ಆದರೆ ಕಾಂಕ್ರೀಟ್ ಹಾಕುವ ದಿನ ನಾವು ನಾಲ್ಕು ಜನ ಬರ್ತೇವೆ, ಅದನ್ನೂ ಬರ್ಕೊಳ್ಳಿ." ಬರೆದುಕೊಂಡೆ. ರಸೀದಿಯಲ್ಲಿ ಮೈಕೆಲಸಕ್ಕೂ ಒಂದು ಸಾಲು ಬಿಡಿ.

ರೂಪಾಯಿ ಬೇಡ, ಚೀಲದಲ್ಲಿ ಕೇಳಿ

ಬೆಳೆಗಾರರ ಹತ್ತಿರ ಹೋದಾಗ ಬರುವ ಉತ್ತರ ನನಗೆ ಬಾಯಿಪಾಠ.

"ಕೊಡುವ ಅಕ್ಕ, ಕೊಡುವ. ಬೆಲೆ ಒಂಚೂರು ಬರಲಿ."

"ಬೆಲೆ ಬಂದ ಮೇಲೇ ಕೊಡಿ ಅಣ್ಣ. ಈಗ ಹೆಸರು ಬರೆದುಕೊಳ್ಳಲಾ?"

"ಎಷ್ಟು ಅಂತ ಬರೀತೀರಿ?"

"ರೂಪಾಯಿ ಬೇಡ. ಚೀಲದಲ್ಲಿ ಹೇಳಿ."

ಇಲ್ಲಿ ಮುಖ ಸಡಿಲ ಆಗುತ್ತದೆ. ರೂಪಾಯಿ ಹೇಳಬೇಕಾದರೆ ಬೆಳೆಗಾರ ಮನಸ್ಸಿನಲ್ಲೇ ಗೊಬ್ಬರದ ಬಿಲ್ಲು, ಬ್ಯಾಂಕಿನ ಬಡ್ಡಿ, ಕೂಲಿ ಎಲ್ಲ ಕಳೆಯುತ್ತಾನೆ. ಚೀಲ ಅಂದರೆ "ಎರಡು ಚೀಲ ಬರೀರಿ" ಅಂತ ಬಂದುಬಿಡುತ್ತದೆ. ಬೆಲೆ ಏರಿದರೆ ಕಾಲೇಜಿಗೆ ಲಾಭ, ಇಳಿದರೆ ಇಬ್ಬರಿಗೂ ನಷ್ಟ. ಕೊಟ್ಟವರಿಗೆ ಮೋಸ ಹೋದೆ ಅನ್ನಿಸುವುದಿಲ್ಲ.

ಚೀಲದ ಲೆಕ್ಕಕ್ಕೆ ಒಂದಿಷ್ಟು ಜಾಗ್ರತೆ ಬೇಕು. ಹಳೇ ಕ್ಯೂರಿಂಗ್ ವರ್ಕ್ಸ್ ಬುದ್ಧಿ ಹೇಳಿಸುತ್ತಿದೆ, ಸಹಿಸಿಕೊಳ್ಳಿ. 50 ಕೆಜಿ ಚೆರ್ರಿ (ಸಿಪ್ಪೆಯ ಜೊತೆಗೇ ಒಣಗಿಸಿದ ಕಾಫಿ ಹಣ್ಣು) ಚೀಲ ಅಂದರೆ ಎಲ್ಲ ಚೀಲವೂ ಒಂದೇ ಅಲ್ಲ. ಸರಿಯಾಗಿ ಒಣಗಿದೆಯಾ, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕ) ಎಷ್ಟು ಬರುತ್ತದೆ ಅನ್ನುವುದರ ಮೇಲೆ ದುಡ್ಡು. ರೊಬಸ್ಟಾ ಯಾವುದು, ಅರೇಬಿಕಾ ಯಾವುದು ಅಂತ ಬೇರೆ ಬೇರೆ ಬರೆಯಿರಿ. ಎಲ್ಲರ ಚೀಲವನ್ನೂ ಒಂದೇ ದಿನ, ಒಂದೇ ತಕ್ಕಡಿಯಲ್ಲಿ, ಕೊಟ್ಟವರಲ್ಲಿ ಇಬ್ಬರ ಎದುರು ತೂಗಿ. ವ್ಯಾಪಾರಿಗಳಲ್ಲಿ ಕಮ್ಮಿ ಅಂದರೆ ಮೂವರ ಬೆಲೆ ಬರಹದಲ್ಲಿ ತೆಗೆದುಕೊಳ್ಳಿ. ಕಮಿಟಿಯವರೇ ಕಾಫಿ ವ್ಯಾಪಾರಿಯಾಗಿದ್ದರೆ ಅವರಿಗೆ ಮಾರಬೇಡಿ, ಅವರು ಎಷ್ಟೇ ಒಳ್ಳೆಯವರಾದರೂ ಸರಿ. ಕರಿಮೆಣಸಿಗೂ ಇದೇ ಕ್ರಮ. ಚೀಲ ಕೊಟ್ಟವರಿಗೆ ರಸೀದಿಯಲ್ಲಿ ತೂಕ ಬರೆಯಿರಿ, ಮಾರಿದ ಮೇಲೆ ಬಂದ ಮೊತ್ತ ತಿಳಿಸಿ.

ಕೊಡಗಿನಲ್ಲಿ ಹಣಕ್ಕೂ ಹಂಗಾಮು ಇದೆ

ಜೂನಿನಿಂದ ಸೆಪ್ಟೆಂಬರ್ ತನಕ ಯಾರ ಮನೆಗೂ ಹೋಗಬೇಡಿ. ಕಾಫಿ ಕಾಯಿ ಉದುರುವ ಚಿಂತೆ, ಕೊಳೆ ರೋಗದ ಚಿಂತೆ, ಮನೆ ಹಿಂದಿನ ಬರೆ (ಗುಡ್ಡದ ಇಳಿಜಾರು) ಕುಸಿಯುವ ಚಿಂತೆ. ಪುತ್ತರಿಯ (ನಮ್ಮ ಸುಗ್ಗಿ ಹಬ್ಬ) ಹೊತ್ತಿಗೆ ಅರೇಬಿಕಾ ಹಣ್ಣು ಶುರು, ಕೂಲಿಗೆ ಕೈಯಿಂದ ದುಡ್ಡು ಹೋಗುತ್ತಿರುತ್ತದೆ. ಆಗ ಹೋಗಿ ಹೆಸರು ಬರೆಸಿಕೊಳ್ಳಿ, ಅಷ್ಟೇ. ಹಣಕ್ಕೆ, ಚೀಲಕ್ಕೆ ಹೋಗುವ ಕಾಲ ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ. ರೊಬಸ್ಟಾ ಕಣದಲ್ಲಿ ಒಣಗಿರುತ್ತದೆ. ಕಾಫಿ ಗಿಡಕ್ಕೆ ಹೂ ಬಿಡಿಸುವ ಹೂಮಳೆ ಸರಿಯಾಗಿ ಬಿದ್ದ ವಾರ ಹೋದರೆ ಇನ್ನೂ ಒಳ್ಳೆಯದು, ಎಲ್ಲರ ಮುಖದಲ್ಲೂ ನಗು ಇರುತ್ತದೆ.

ಕೇಳುವ ರೀತಿ

ಇಬ್ಬರೇ ಹೋಗಿ. ಜೀಪಿನ ತುಂಬ ಜನ ಹೋದರೆ ಮನೆಯವರಿಗೆ ಕಾಫಿ ಮಾಡುವ ಕಷ್ಟ, ಕೇಳುವವರಿಗೆ ಕೇಳುವ ಕಷ್ಟ. ಇಬ್ಬರಲ್ಲಿ ಒಬ್ಬರು ಆ ಮನೆಯವರ ಜೊತೆ ಓದಿದವರಾಗಿರಲಿ. ಮನೆಯ ಹಿರಿಯರನ್ನು ಮೊದಲು ಮಾತಾಡಿಸಿ, ತೀರ್ಮಾನ ಮಾಡುವುದು ಮಗನೇ ಆದರೂ.

ವಾಷಿಂಗ್ಟನ್‌ಗೆ ಈ ಕೆಲಸದಲ್ಲಿ ಒಂದು ನಿಯಮ ಇತ್ತು. ಗೋಗರೆಯಬಾರದು, ಶಾಲೆ ಏನು ಮಾಡುತ್ತಿದೆ ಅಂತ ಇದ್ದದ್ದನ್ನು ಮುಂದಿಡಬೇಕು, ಆಮೇಲೆ ಅವರಿಗೆ ಬಿಡಬೇಕು. ರೈಲ್ವೆಯ ಸಾಹುಕಾರ ಕಾಲಿಸ್ ಹಂಟಿಂಗ್‌ಟನ್ ಮೊದಲ ಸಲ ಕೊಟ್ಟದ್ದು ಎರಡು ಡಾಲರ್. ವಾಷಿಂಗ್ಟನ್ ಮುನಿಸಿಕೊಳ್ಳಲಿಲ್ಲ. ವರ್ಷ ವರ್ಷ ಹೋಗಿ ಕೆಲಸ ತೋರಿಸಿದರು. ಹಂಟಿಂಗ್‌ಟನ್ ಸಾಯುವ ಕೆಲವು ತಿಂಗಳ ಮೊದಲು ಕೊಟ್ಟದ್ದು 50,000 ಡಾಲರ್. ಇನ್ನೊಂದು ಸಲ ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್ ಹತ್ತಿರ ಚಳಿಯಲ್ಲಿ ಎರಡು ಮೈಲಿ ನಡೆದು ಒಬ್ಬರನ್ನು ಕಂಡರು. ಏನೂ ಸಿಗಲಿಲ್ಲ. ಎರಡು ವರ್ಷದ ನಂತರ ಅವರಿಂದಲೇ 10,000 ಡಾಲರಿನ ಡ್ರಾಫ್ಟ್ ಬಂತು. ಉಯಿಲಿನಲ್ಲಿ ಬರೆದಿಟ್ಟಿದ್ದೆ, ಬದುಕಿರುವಾಗಲೇ ಕೊಡೋಣ ಅನ್ನಿಸಿತು ಅಂತ ಪತ್ರ.

ಇದು ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಂಬಬೇಡಿ. ಓಡಾಡುವವರು ಸವೆದು ಹೋಗುತ್ತಾರೆ. ಒಲಿವಿಯಾ ಡೇವಿಡ್‌ಸನ್ ಒಮ್ಮೆ ಬಾಸ್ಟನ್ನಿನಲ್ಲಿ ಒಬ್ಬ ಶ್ರೀಮಂತ ಮಹಿಳೆಯ ಮನೆಗೆ ಹೋಗಿ, ಅವರು ಹೊರಗೆ ಬರುವಷ್ಟರಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು, ಅಷ್ಟು ದಣಿವು. ಆಕೆ 1889ರಲ್ಲಿ ಸಣ್ಣ ವಯಸ್ಸಿಗೇ ತೀರಿಕೊಂಡರು. ಆದ್ದರಿಂದ ಮನೆಗಳನ್ನು ಹಂಚಿಕೊಳ್ಳಿ. ಸಂಘದಲ್ಲಿ ಒಬ್ಬರೇ ಓಡಾಡಿ, ಉಳಿದವರು ವಾಟ್ಸಾಪ್‌ನಲ್ಲಿ ಹೆಬ್ಬೆಟ್ಟು ತೋರಿಸುವ ಪದ್ಧತಿ ಬೇಡ.

ಹೋಗಿ ಬಂದ ವಾರದೊಳಗೆ ಕೈಬರಹದ ಕಾಗದ ಕಳಿಸಿ. ಕೊಟ್ಟವರಿಗೂ, ಕೊಡದವರಿಗೂ.

ಕಾರ್ಯಕ್ರಮ ಮಾಡಿ ಹಣ ಎತ್ತುವುದಾದರೆ

ನ್ಯಾಶ್‌ವಿಲ್‌ನ ಫಿಸ್ಕ್ ಶಾಲೆ 1866ರಲ್ಲಿ ಸೈನ್ಯದ ಹಳೇ ಆಸ್ಪತ್ರೆಯ ಶೆಡ್ಡುಗಳಲ್ಲಿ ಶುರುವಾದದ್ದು. ಐದೇ ವರ್ಷದಲ್ಲಿ ಮುಚ್ಚುವ ಸ್ಥಿತಿ. ಖಜಾಂಚಿ ಜಾರ್ಜ್ ವೈಟ್ ಸಂಗೀತವನ್ನೂ ಕಲಿಸುತ್ತಿದ್ದರು. (ಖಜಾಂಚಿ ಅಂದ ಕೂಡಲೇ ನನಗೆ ಇವರ ಮೇಲೆ ಪ್ರೀತಿ.) 1871ರ ಅಕ್ಟೋಬರ್ 6ರಂದು ಒಂಬತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಊರೂರು ಹಾಡಿ ಹಣ ತರಲು ಹೊರಟರು. ಕಾಲೇಜಿನಲ್ಲಿದ್ದ ಚೂರುಪಾರು ಹಣವೂ ದಾರಿ ಖರ್ಚಿಗೆ ಹೋಯಿತು. ಎರಡೇ ದಿನಕ್ಕೆ ಶಿಕಾಗೋ ನಗರ ಬೆಂಕಿಗೆ ಬಿತ್ತು. ಸಿನ್ಸಿನಾಟಿಯಲ್ಲಿ ಹಾಡಿ ಸಿಕ್ಕಿದ ಹಣವನ್ನು, 50 ಡಾಲರಿಗೂ ಕಮ್ಮಿ, ಅವರು ಆ ಸಂತ್ರಸ್ತರಿಗೆ ಕೊಟ್ಟುಬಿಟ್ಟರು. ತಮಗೇ ಊಟಕ್ಕಿಲ್ಲದ ಕಾಲ!

ಮೊದಮೊದಲು ಬಿಳಿಯರಿಗೆ ಇಷ್ಟ ಆಗುವ ಹಾಡುಗಳನ್ನೇ ಹಾಡಿದರು. ಸಾಧಾರಣ ಚಪ್ಪಾಳೆ, ಸಾಧಾರಣ ಹಣ. ಗುಲಾಮಗಿರಿಯ ಕಾಲದ ತಮ್ಮ ಭಕ್ತಿಯ ಹಾಡುಗಳನ್ನು ಹೊರಗಿನವರ ಮುಂದೆ ಹಾಡಲು ಮನಸ್ಸಿರಲಿಲ್ಲ, ಅವು ಮನೆಯೊಳಗಿನ ಹಾಡುಗಳು. ಒಬರ್ಲಿನ್‌ನಲ್ಲಿ ಪಾದ್ರಿಗಳ ಸಭೆಯೊಂದರಲ್ಲಿ ಅವನ್ನು ಹಾಡಿದ ಮೇಲೆ ಎಲ್ಲ ಬದಲಾಯಿತು. ಮೊದಲ ಪ್ರವಾಸ ಮುಗಿಸಿ ಬರುವಾಗ 20,000 ಡಾಲರ್ ತಂದಿದ್ದರು. 1873ರಲ್ಲಿ ಇಂಗ್ಲೆಂಡಿಗೆ ಹೋಗಿ ರಾಣಿ ವಿಕ್ಟೋರಿಯಾ ಮುಂದೆ ಹಾಡಿದರು. ಆ ಹಣದಿಂದ ಎದ್ದ ಜುಬಿಲಿ ಹಾಲ್ 1876ರಲ್ಲಿ ಮುಗಿಯಿತು, ಈಗಲೂ ಇದೆ.

ನಮ್ಮಲ್ಲಿ ಕಾರ್ಯಕ್ರಮ ಅಂದರೆ ಕೂಡಲೇ ಮೈಸೂರಿನಿಂದ ಆರ್ಕೆಸ್ಟ್ರಾ ತರಿಸುವ ಯೋಚನೆ. ಆರ್ಕೆಸ್ಟ್ರಾದವರಿಗೆ ಕೊಟ್ಟು, ಪೆಂಡಾಲಿಗೆ ಕೊಟ್ಟು, ಜನರೇಟರಿಗೆ ಕೊಟ್ಟು ಉಳಿಯುವುದು ಕುರ್ಚಿ ಬಾಡಿಗೆಯ ಬಿಲ್ಲು. ನಿಮ್ಮ ಊರಿನವರಿಗೆ ಮಾತ್ರ ಬರುವುದನ್ನು ಮಾಡಿ. ನಮ್ಮ ಕಡೆ ಅಜ್ಜಿಯಂದಿರು ಮಾಡುವ ಕಡಂಬುಟ್ಟು, ಪಂದಿಕರಿ, ಕಾಡುಮಾವಿನ ಸಾರು, ಬಿದಿರು ಕಣಿಲೆಯ ಅಡುಗೆ ಇಟ್ಟು ಮಧ್ಯಾಹ್ನದ ಊಟಕ್ಕೆ ಕೂಪನ್ ಮಾರಿದೆವು. ಅಡುಗೆ ಸಾಮಾನೆಲ್ಲ ಮನೆಗಳಿಂದ ಬಂತು, ಡೇವಿಡ್‌ಸನ್ ಟೀಚರ್ ಮಾಡಿದ ಹಾಗೇ. ಕೊಡವ ಒಕ್ಕಗಳ (ಮನೆತನಗಳ) ಹಾಕಿ ಪಂದ್ಯದ ಹಬ್ಬ ಏಪ್ರಿಲ್-ಮೇಯಲ್ಲಿ ನಡೆಯುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಮೇಲೆ ಹಬ್ಬ ನಡೆದಾಗಲೆಲ್ಲ ಒಂದೊಂದು ಒಕ್ಕ ಅದರ ಹೊಣೆ ಹೊರುತ್ತದೆ. ಆ ವರ್ಷ ಹಬ್ಬ ನಡೆಸುವ ಮನೆಯವರ ಹತ್ತಿರ ಕಾಲೇಜಿಗೆ ಕೇಳಬೇಡಿ. ಮುಂದಿನ ವರ್ಷ ಕೇಳಿ.

ಮಕ್ಕಳನ್ನು ಹಣ ಎತ್ತಲು ಕಳಿಸಬೇಡಿ. ಫಿಸ್ಕ್‌ನ ಆ ಹಾಡುಗಾರರ ಕಥೆಯಲ್ಲಿ ಯಾರೂ ಜಾಸ್ತಿ ಹೇಳದ ಭಾಗ ಅದು. ವರ್ಷಗಟ್ಟಲೆ ತಿರುಗಾಟ, ಕಪ್ಪು ಬಣ್ಣ ಅಂತ ಹೋಟೆಲಿನಲ್ಲಿ ರೂಮು ಇಲ್ಲ, ಕಾಯಿಲೆ. 1878ರಲ್ಲಿ ತಂಡ ದಣಿದು ಮುರಿದುಬಿತ್ತು. ಹಾಸ್ಟೆಲ್ ಕಟ್ಟುವುದು ಹುಡುಗಿಯರು ಪಾಠ ತಪ್ಪಿಸಬಾರದು ಅಂತ. ಅದಕ್ಕೆ ಅವರನ್ನೇ ಪಾಠ ಬಿಡಿಸಿ ಡಬ್ಬ ಹಿಡಿಸಿದರೆ ಹೇಗೆ?

ನಿಮ್ಮ ಸಂಗ್ರಹದ ನಡುವೆ 2018ರ ಆಗಸ್ಟಿನಂಥ ಮಳೆ ಬಂದು ಗುಡ್ಡ ಜಾರಿದರೆ, ಮಾತಿಲ್ಲದೆ ನಿಲ್ಲಿಸಿ. ಆ ದಿನಗಳಲ್ಲಿ ಕಾಲೇಜಿನ ಕಟ್ಟಡಕ್ಕೆ ಅಂತ ಕೇಳಿದ ಬಾಯಿಗೆ ಆಮೇಲೆ ಯಾರೂ ಕಿವಿ ಕೊಡುವುದಿಲ್ಲ.

ದೊಡ್ಡವರು ಬಂದಾಗ ಲಗಾಮು ಯಾರ ಕೈಯಲ್ಲಿ

ರಸೀದಿ ಪುಸ್ತಕ ತುಂಬಿದ ಮೇಲೆ ದೊಡ್ಡವರು ಬರುತ್ತಾರೆ. ಬರಲಿ. ಆದರೆ ಇಲ್ಲಿ ನಿಧಾನ ಮಾಡಿ.

ಕಪ್ಪು ಕಾಲೇಜುಗಳಿಗೆ ಉತ್ತರದ ದೊಡ್ಡ ಹಣ ಬಂದದ್ದು ನಿಜ. 1882ರ ಸ್ಲೇಟರ್ ನಿಧಿ 10 ಲಕ್ಷ ಡಾಲರಿನದ್ದು. 1902ರಲ್ಲಿ ಎಣ್ಣೆಯ ಸಾಹುಕಾರ ರಾಕ್‌ಫೆಲರ್ ಹಣದಿಂದ ಜನರಲ್ ಎಜುಕೇಶನ್ ಬೋರ್ಡ್ ಬಂತು. 1903ರಲ್ಲಿ ಉಕ್ಕಿನ ಸಾಹುಕಾರ ಕಾರ್ನೆಗಿ ಟಸ್ಕೀಗಿಗೆ 6 ಲಕ್ಷ ಡಾಲರ್ ಕೊಟ್ಟರು. ಈ ಹಣದ ಒಲವು ಎತ್ತ ಅಂದರೆ, ಕಪ್ಪು ಮಕ್ಕಳು ಇಟ್ಟಿಗೆ ಸುಡಲಿ, ಬಡಗಿ ಕೆಲಸ ಕಲಿಯಲಿ, ಅಡುಗೆ ಕಲಿಯಲಿ. ಲ್ಯಾಟಿನ್, ಗಣಿತ, ತತ್ವಶಾಸ್ತ್ರ ಯಾಕೆ? ಕಪ್ಪು ವಿದ್ವಾಂಸ ಡಬ್ಲ್ಯು. ಇ. ಬಿ. ಡು ಬಾಯ್ಸ್ ಇದನ್ನು ಕಟುವಾಗಿ ವಿರೋಧಿಸಿದರು. ವಾಷಿಂಗ್ಟನ್ ಬಗ್ಗೆ ನನಗೆ ಎರಡು ಮನಸ್ಸು. ಕೇಳುವ ಕಲೆ ಅವರಿಂದ ಕಲಿಯಬೇಕು. ಕೊಡುವವರ ಮನಸ್ಸಿಗೆ ತಕ್ಕ ಹಾಗೆ ಪಾಠವನ್ನೇ ಬಗ್ಗಿಸುವುದನ್ನು ಕಲಿಯಬಾರದು.

ಫಿಸ್ಕ್‌ನಲ್ಲಿ ಇದು ಸ್ಫೋಟವೇ ಆಯಿತು. ಅಧ್ಯಕ್ಷ ಫೇಯೆಟ್ ಮೆಕೆಂಜಿ 10 ಲಕ್ಷ ಡಾಲರಿನ ಶಾಶ್ವತ ನಿಧಿ ಕೂಡಿಸುತ್ತಿದ್ದರು. ಅದೇ ಕಾಲಕ್ಕೆ ವಿದ್ಯಾರ್ಥಿಗಳ ಪತ್ರಿಕೆ ನಿಂತಿತು, ಬಟ್ಟೆಗೂ ನಡತೆಗೂ ಕಟ್ಟುನಿಟ್ಟು ಬಂತು. 1888ರಲ್ಲಿ ಅಲ್ಲೇ ಪದವಿ ಪಡೆದಿದ್ದ ಡು ಬಾಯ್ಸ್ ಬಂದು ಮುಖಕ್ಕೆ ಹೊಡೆದ ಹಾಗೆ ಭಾಷಣ ಮಾಡಿದರು. 1925ರಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಮೆಕೆಂಜಿ ರಾಜೀನಾಮೆ ಕೊಟ್ಟು ಹೋದರು.

ನಮಗೂ ಒಂದು ಅನುಭವ ಆಯಿತು. ರೆಸಾರ್ಟ್ ನಡೆಸುವ ಒಬ್ಬರು ಹಾಸ್ಟೆಲಿನ ಒಂದು ಮಹಡಿಯ ಪೂರ್ತಿ ಖರ್ಚು ಕೊಡುತ್ತೇನೆ ಅಂದರು. ವಾರ್ಡನ್ ತಾನು ಹೇಳಿದವರೇ ಆಗಬೇಕು, ರಜೆಯಲ್ಲಿ ರೂಮುಗಳು ತಮ್ಮ ಅತಿಥಿಗಳಿಗೆ ಬೇಕು ಅಂತ ಆಮೇಲೆ ಬಾಯಿಬಿಟ್ಟರು. ಹೆಣ್ಣುಮಕ್ಕಳ ಹಾಸ್ಟೆಲ್! ಕಮಿಟಿಯಲ್ಲಿ ಒಂದಿಬ್ಬರು "ಯೋಚನೆ ಮಾಡೋಣ" ಅಂದರು. ನಾನು ರಸೀದಿ ಪುಸ್ತಕ ಮೇಜಿನ ಮೇಲಿಟ್ಟು, ಇದರಲ್ಲಿ ಹೆಸರಿರುವ ಅಷ್ಟೂ ಜನರನ್ನು ಕೇಳಿ ಬರೋಣ ಅಂದೆ. ಮಾತು ಅಲ್ಲಿಗೆ ನಿಂತಿತು.

ಯಾವುದನ್ನು ಕೊಡಬಹುದು, ಯಾವುದನ್ನು ಕೊಡಲೇಬಾರದು ಅಂತ ದಾನಿ ಬರುವ ಮೊದಲೇ ಬರೆದಿಡಿ. ಕಟ್ಟಡಕ್ಕೆ ಹೆಸರು ಕೊಡಬಹುದು. ಸ್ಪೆಲ್ಮನ್ ಅನ್ನುವುದೇ ರಾಕ್‌ಫೆಲರ್ ಹೆಂಡತಿಯ ತವರಿನ ಹೆಸರು. ಗುಲಾಮಗಿರಿಯ ವಿರುದ್ಧ ನಿಂತ ಮನೆತನ ಅದು, ಹಾಗಾಗಿ ಹೆಸರು ಕಾಲೇಜಿಗೆ ಒಪ್ಪಿತು. ಪಾಠ, ನೇಮಕ, ಪ್ರವೇಶ ಈ ಮೂರನ್ನು ಕೊಡಬಾರದು. "ಎಂದೆಂದಿಗೂ" ಅನ್ನುವ ಷರತ್ತಿಗೆ ಸಹಿ ಹಾಕಬೇಡಿ. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ 1949ರಲ್ಲಿ ಫಿಸ್ಕ್‌ಗೆ 101 ಕಲಾಕೃತಿ ಕೊಟ್ಟರು, ಮಾರಬಾರದು ಅಂತ ಹೇಳಿ. ಐವತ್ತು ವರ್ಷ ಕಳೆದು ಕಾಲೇಜು ಹಣದ ಕಷ್ಟಕ್ಕೆ ಬಿದ್ದಾಗ ಗೋಡೆಯ ಮೇಲೆ ಕೋಟಿಗಟ್ಟಲೆ ಬೆಲೆಯ ಚಿತ್ರ, ಕೈಯಲ್ಲಿ ಕಾಸಿಲ್ಲ. ವರ್ಷಗಟ್ಟಲೆ ಕೋರ್ಟು ಅಲೆದು, 2012ರಲ್ಲಿ ಒಂದು ಮ್ಯೂಸಿಯಂಗೆ ಅರ್ಧ ಪಾಲನ್ನು 3 ಕೋಟಿ ಡಾಲರಿಗೆ ಕೊಟ್ಟು ಮುಗಿಸಬೇಕಾಯಿತು.

ಏನೂ ಷರತ್ತಿಲ್ಲದೆ ಕೊಡುವವರೂ ಇದ್ದಾರೆ. 2020ರಲ್ಲಿ ಮೆಕೆಂಜಿ ಸ್ಕಾಟ್ ಎಂಬ ಶ್ರೀಮಂತ ಮಹಿಳೆ ಪ್ರೇರಿ ವ್ಯೂ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ 5 ಕೋಟಿ ಡಾಲರ್, ಹೋವರ್ಡ್‌ಗೆ 4 ಕೋಟಿ ಕೊಟ್ಟು, ನಿಮಗೆ ಬೇಕಾದ ಹಾಗೆ ಬಳಸಿ ಅಂದರು. ಅಂಥವರು ಸಿಕ್ಕರೆ ಸುಮ್ನೆ ಕೈ ಮುಗಿದು ತೆಗೆದುಕೊಳ್ಳಿ.

ಹಣ ನಿಜವಾ, ಕಾನೂನು ಒಪ್ಪುತ್ತದಾ

2024ರ ಮೇನಲ್ಲಿ ಫ್ಲಾರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯದ ಪದವಿ ಸಮಾರಂಭದಲ್ಲಿ ಒಬ್ಬ ಉದ್ಯಮಿಯಿಂದ 23.7 ಕೋಟಿ ಡಾಲರ್ ದಾನ ಅಂತ ಘೋಷಣೆ ಆಯಿತು. ದೊಡ್ಡ ಚೆಕ್ಕಿನ ಜೊತೆ ಫೋಟೋ ಬೇರೆ. ಕೊಟ್ಟದ್ದು ಆತನದ್ದೇ ಕಂಪನಿಯ ಷೇರು, ಅದರ ಬೆಲೆಯನ್ನು ಸರಿಯಾಗಿ ಯಾರೂ ಪರೀಕ್ಷಿಸಿರಲಿಲ್ಲ. ಕೆಲವೇ ದಿನಗಳಲ್ಲಿ ದಾನ ನಿಂತುಹೋಯಿತು, ಅಧ್ಯಕ್ಷರು ಆ ಬೇಸಿಗೆಯಲ್ಲೇ ರಾಜೀನಾಮೆ ಕೊಟ್ಟರು. ಹಾಗಾಗಿ ಹಣ ಬ್ಯಾಂಕಿಗೆ ಬರುವ ತನಕ ಶಾಲು ಹೊದಿಸಬೇಡಿ, ಬ್ಯಾನರ್ ಹಾಕಬೇಡಿ.

ನಮ್ಮ ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ, ಎಲ್ಲರೂ 80ಜಿ ಅನ್ನುವ ಮಾನ್ಯತೆ ಮಾಡಿಸಿಕೊಳ್ಳಿ, ಆದರೆ ಅದನ್ನೇ ದೊಡ್ಡ ಆಕರ್ಷಣೆ ಅಂದುಕೊಳ್ಳಬೇಡಿ. ತೋಟದ ಕಾಫಿಯನ್ನು ಕ್ಯೂರಿಂಗ್ ಮಾಡದೆ ಹಾಗೇ ಮಾರುವವರಿಗೆ ಆ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ, ರಿಯಾಯಿತಿ ತೆಗೆದುಕೊಂಡು ಏನು ಮಾಡುತ್ತಾರೆ? ಅದು ಬೆಂಗಳೂರಿನ ಸಂಬಳದವರಲ್ಲಿ ಹಳೇ ತೆರಿಗೆ ಪದ್ಧತಿಯಲ್ಲೇ ಉಳಿದವರಿಗೆ ಮಾತ್ರ ಉಪಯೋಗ. ಅವರಿಗೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸಿಗುವುದಿಲ್ಲ, ಬ್ಯಾಂಕಿನ ಮೂಲಕವೇ ಬರಬೇಕು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಬೇಕಾದರೆ ಸಂಸ್ಥೆ ಅದಕ್ಕೆ ಬೇರೆಯಾಗಿ ನೋಂದಣಿ ಆಗಿರಬೇಕು. ಕಲಂ ನಂಬರು, ಫಾರಂ ನಂಬರು ಬದಲಾಗುತ್ತಲೇ ಇರುತ್ತವೆ, ವರ್ಷದ ಶುರುವಿನಲ್ಲಿ ಆಡಿಟರನ್ನು ಕೇಳಿ.

ಹೊರದೇಶದ ಹಣ ಅಂದರೆ ಎಲ್ಲರೂ ಎಡವುವ ಜಾಗ. ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುವ, ಭಾರತದ ಪಾಸ್‌ಪೋರ್ಟ್ ಇರುವ ಹಳೆ ವಿದ್ಯಾರ್ಥಿ ತನ್ನ ಖಾತೆಯಿಂದ ಕೊಟ್ಟರೆ ತೊಂದರೆ ಇಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ತೆಗೆದುಕೊಂಡವರು ಕೊಟ್ಟರೆ ಅದು ವಿದೇಶಿ ದೇಣಿಗೆ, ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಇದ್ದರೂ ಅಷ್ಟೇ. ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಅಟ್ಲಾಂಟಾದ ನಮ್ಮ ಹುಡುಗಿ ಈಗ ಅಮೆರಿಕದ ಪ್ರಜೆ. ಇಷ್ಟೆಲ್ಲ ಕಥೆ ಹೇಳಿದ ಅವಳಿಂದಲೇ ಒಂದು ರೂಪಾಯಿ ತೆಗೆದುಕೊಳ್ಳಲು ಆಗಲಿಲ್ಲ. ಅಮ್ಮನ ಖಾತೆಗೆ ಹಾಕಿ ಅಲ್ಲಿಂದ ಸಂಘಕ್ಕೆ ಕಳಿಸುತ್ತೇನೆ ಅಂದಳು. ಬೇಡ ಮಗಳೇ ಅಂದೆ.

ಪಕ್ಕದ ಊರಿನವರ ಜೊತೆ ಸೇರಿ

ಒಂದೇ ಬೆಳೆಗಾರರ ಮನೆಗೆ ಒಂದೇ ವಾರ ನಾಲ್ಕು ಶಾಲೆಯವರು ಹೋದರೆ ನಾಯಿಯೂ ಬೊಗಳುವುದು ಬಿಡುತ್ತದೆ. 1943ರಲ್ಲಿ ಟಸ್ಕೀಗಿಯ ಅಧ್ಯಕ್ಷ ಫ್ರೆಡ್ರಿಕ್ ಪ್ಯಾಟರ್‌ಸನ್ ಇದನ್ನೇ ಪತ್ರಿಕೆಯಲ್ಲಿ ಬರೆದರು. ಹಳೇ ಸಾಹುಕಾರರ ಹಣ ಕಮ್ಮಿಯಾಗುತ್ತಿದೆ, ಎಲ್ಲ ಕಾಲೇಜುಗಳೂ ಅದೇ ಬಾಗಿಲು ತಟ್ಟುತ್ತಿವೆ, ಸೇರಿ ಕೇಳೋಣ ಅಂತ. 1944ರ ಏಪ್ರಿಲ್‌ನಲ್ಲಿ 27 ಕಾಲೇಜುಗಳು ಸೇರಿ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್ ಕಟ್ಟಿದವು. ಮೊದಲ ವರ್ಷವೇ ಏಳೂವರೆ ಲಕ್ಷ ಡಾಲರಿಗೂ ಜಾಸ್ತಿ ಬಂತು. ಮುಂದೆ ಕೆನಡಿ ತಮ್ಮ ಪುಲಿಟ್ಜರ್ ಪ್ರಶಸ್ತಿಯ ಹಣವನ್ನು ಇದಕ್ಕೇ ಕೊಟ್ಟರು. ಆ ಸಂಸ್ಥೆ ಈಗಲೂ ನಡೆಯುತ್ತಿದೆ.

ಹೀಗೆ ಸೇರುವುದಾದರೆ ಪಾಲಿನ ಲೆಕ್ಕ ಮೊದಲೇ ಬರಹದಲ್ಲಿರಲಿ. ಒಂದು ಭಾಗ ಎಲ್ಲರಿಗೂ ಸಮ, ಇನ್ನೊಂದು ಭಾಗ ಮಕ್ಕಳ ಸಂಖ್ಯೆಗೆ ತಕ್ಕಂತೆ, ಹೀಗೆ ಏನಾದರೂ. ಹಣ ಬಂದ ಮೇಲೆ ಮಾತಾಡಿದರೆ ಜಗಳವೇ.

ಲೆಕ್ಕ, ಮತ್ತು ಕೊಡದವರು

ಅಟ್ಲಾಂಟಾದ ಮೋರಿಸ್ ಬ್ರೌನ್ ಕಾಲೇಜನ್ನು 1881ರಲ್ಲಿ ಕಪ್ಪು ಜನರ ಚರ್ಚೇ ಹುಟ್ಟುಹಾಕಿತು. ಹಣದ ಅವ್ಯವಹಾರದಿಂದ 2002ರಲ್ಲಿ ಅದರ ಮಾನ್ಯತೆ ಹೋಯಿತು. ವಾಪಸ್ ಸಿಕ್ಕಿದ್ದು 2022ರಲ್ಲಿ. ಇಪ್ಪತ್ತು ವರ್ಷ! ಬೆನೆಟ್ ಕಾಲೇಜಿನ ಕಥೆ ಬೇರೆ. ಮಾನ್ಯತೆ ಉಳಿಸಿಕೊಳ್ಳಲು 50 ಲಕ್ಷ ಡಾಲರ್ ತುರ್ತಾಗಿ ಬೇಕಿತ್ತು. 2019ರ ಫೆಬ್ರವರಿಗೆ 82 ಲಕ್ಷ ಕೂಡಿತು. ಅಷ್ಟಾದರೂ ಮಾನ್ಯತಾ ಸಂಸ್ಥೆ ಒಪ್ಪಲಿಲ್ಲ. ತುರ್ತಿಗೆ ಎತ್ತಿದ ಹಣ ಹತ್ತು ವರ್ಷದ ಲೆಕ್ಕದ ಜಾಗ ತುಂಬುವುದಿಲ್ಲ.

ಪ್ರತಿ ತಿಂಗಳ ಮೊದಲ ವಾರ ಜಮಾ-ಖರ್ಚನ್ನು ಕಾಲೇಜಿನ ನೋಟಿಸ್ ಬೋರ್ಡಿಗೂ ಊರಿನ ಸೊಸೈಟಿ ಗೋಡೆಗೂ ಹಚ್ಚಿ. ಕೊಟ್ಟವರ ಹೆಸರು ಅಕ್ಷರ ಕ್ರಮದಲ್ಲಿ ಇರಲಿ, ಮೊತ್ತದ ಕ್ರಮದಲ್ಲಿ ಬೇಡ. ಚೀಲ ಕೊಟ್ಟವರದ್ದು ಕೆಜಿಯಲ್ಲಿ, ಮೈಕೆಲಸ ಮಾಡಿದವರದ್ದು ದಿನದಲ್ಲಿ. ಹೆಸರು ಬೇಡ ಅಂದವರಿಗೆ ರಸೀದಿ ನಂಬರ್ ಮಾತ್ರ. ಬ್ಯಾಂಕಿಗೆ ಇಬ್ಬರ ಸಹಿ, ಆ ಇಬ್ಬರೂ ಒಂದೇ ಮನೆಯವರಾಗಿರಬಾರದು.

ಹೆಸರು ಬರೆಸಿ ಕೊಡದೇ ಉಳಿದವರ ಪಟ್ಟಿಯನ್ನು ಬೋರ್ಡಿಗೆ ಹಾಕಬೇಡಿ, ವಾಟ್ಸಾಪ್ ಗುಂಪಿಗೂ ಬೇಡ. ಖಜಾಂಚಿಯ ಡೈರಿಯಲ್ಲಿ ಇರಲಿ. ಆ ವರ್ಷ ಅವರ ಮನೆಯಲ್ಲಿ ಏನಾಗಿತ್ತೋ, ಕರಿಮೆಣಸಿನ ಬಳ್ಳಿ ಒಣಗಿತ್ತೋ, ಆಸ್ಪತ್ರೆ ಇತ್ತೋ. ಬಾಕಿ ಚೀಲವನ್ನು ಮುಂದಿನ ಪುಸ್ತಕಕ್ಕೆ ಪೆನ್ಸಿಲಿನಲ್ಲಿ ಎಳೆದುಕೊಳ್ಳಿ. ಫೆಬ್ರವರಿ ಕೊನೆಗೆ ಕಣದಲ್ಲಿ ಕಾಫಿ ಒಣಗಿದ ಮೇಲೆ ಅದೇ ಇಬ್ಬರನ್ನು ಮತ್ತೆ ಕಳಿಸಿ.